ಟೌನ್‌ಸೆಂಡ್‌ನ ಆರ್‌ವಿ ಪಾರ್ಕ್: ಹೊಳೆ ಅಂಚಿನ ಸೈಟ್ ತಗೊಳ್ಳಲಾ, ಹಿಂದಿನ ಸಾಲಾ?

ಕುಶಾವತಿ | ಏಪ್ರಿಲ್ 12

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಟ್ಲಾಂಟಾದಲ್ಲಿ. ಅಪ್ಪ ಅಮ್ಮ ಮೇ ತಿಂಗಳಲ್ಲಿ ತೀರ್ಥಹಳ್ಳಿಯಿಂದ ಬರುತ್ತಿದ್ದಾರೆ. ಹೋದ ಸಲ ಬಂದಾಗ ನ್ಯೂಯಾರ್ಕ್, ನಯಾಗರ, ವಾಷಿಂಗ್ಟನ್ ಎಲ್ಲ ಸುತ್ತಿಸಿದ್ದೆ. ಅಪ್ಪನಿಗೆ ಅದ್ಯಾವುದೂ ಅಷ್ಟಾಗಿ ಹಿಡಿಸಲಿಲ್ಲ. ಊರಿಗೆ ಹೊರಡುವ ಹಿಂದಿನ ದಿನ ಕೇಳಿದರು, "ಇಲ್ಲಿ ಕಾಡು, ಹೊಳೆ ಅಂತ ಏನೂ ಇಲ್ವೇನೇ?" ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ.

ಅದಕ್ಕೆ ಈ ಸಲ ಜೂನ್ ಮೊದಲ ವಾರ ಟೆನ್ನೆಸ್ಸೀ, ನಾರ್ತ್ ಕ್ಯಾರೊಲಿನಾ ಗಡಿಯ ಗ್ರೇಟ್ ಸ್ಮೋಕಿ ಮೌಂಟನ್ಸ್ ಬೆಟ್ಟಗಳಿಗೆ ನಾಲ್ಕು ರಾತ್ರಿ ಹೋಗೋಣ ಅಂತ. ಅಮ್ಮನಿಗೆ ಮೊಣಕಾಲು ನೋವು, ರಾತ್ರಿ ಎರಡು ಮೂರು ಸಲ ಏಳುತ್ತಾರೆ. ಟೆಂಟ್ ಆಗುವ ಮಾತಲ್ಲ. 25 ಅಡಿಯ ಕ್ಲಾಸ್ ಸಿ ಆರ್‌ವಿ, ಅಂದರೆ ಒಳಗೇ ಹಾಸಿಗೆ, ಅಡುಗೆಮನೆ, ಕಕ್ಕಸು ಎಲ್ಲ ಇರುವ ಗಾಡಿ, ಬಾಡಿಗೆಗೆ ನೋಡಿದ್ದೇವೆ. ಇದು ನಮಗೆ ಮೊದಲ ಸಲ.

ಎರಡು ಪ್ರಶ್ನೆ. ನ್ಯಾಷನಲ್ ಪಾರ್ಕ್ ಒಳಗಿನ ಎಲ್ಕ್‌ಮಾಂಟ್ ಕ್ಯಾಂಪ್‌ಗ್ರೌಂಡ್ ಒಳ್ಳೆಯದಾ, ಹೊರಗೆ ಬೆಟ್ಟದ ಬುಡದ ಟೌನ್‌ಸೆಂಡ್ ಊರಿನ ಖಾಸಗಿ ಆರ್‌ವಿ ಪಾರ್ಕ್ ಒಳ್ಳೆಯದಾ? ಟೌನ್‌ಸೆಂಡ್‌ನಲ್ಲಿ ಒಂದು ಕಡೆ ಹೊಳೆ ಅಂಚಿನ ಸೈಟ್‌ಗೆ, ಅಂದರೆ ಗಾಡಿ ನಿಲ್ಲಿಸಿ ಉಳಿಯುವ ಜಾಗಕ್ಕೆ, ಹಿಂದಿನ ಸಾಲಿಗಿಂತ ರಾತ್ರಿಗೆ 25 ಡಾಲರ್ ಜಾಸ್ತಿ. ಅಪ್ಪನಿಗೋಸ್ಕರ ಅದನ್ನೇ ತಗೊಳ್ಳೋಣ ಅಂತಿದ್ದೇನೆ. ಸರಿ ಅಲ್ವಾ?

ನಾಕ್ಸ್‌ವಿಲ್ ವಾಸಿ | ಏಪ್ರಿಲ್ 12

ಸ್ವಾಗತ! ಟೌನ್‌ಸೆಂಡ್ ನಮ್ಮ ಮನೆಯಿಂದ ಒಂದು ಗಂಟೆ ದೂರವೂ ಇಲ್ಲ, ವರ್ಷಕ್ಕೆ ಆರೇಳು ಸಲ ಹೋಗುತ್ತೇವೆ.

ಎಲ್ಕ್‌ಮಾಂಟ್ ತುಂಬ ಚೆನ್ನಾಗಿದೆ. ಲಿಟಲ್ ರಿವರ್ ಹೊಳೆಯ ದಂಡೆ, 200ಕ್ಕೂ ಹೆಚ್ಚು ಸೈಟ್. ನೂರು ವರ್ಷದ ಹಿಂದೆ ಅಲ್ಲಿ ಮರ ಕಡಿಯುವ ಕಂಪನಿಯ ಕ್ಯಾಂಪ್ ಇತ್ತು, ದಿಮ್ಮಿ ಸಾಗಿಸೋಕೆ ರೈಲು ಹಳಿ ಇತ್ತು. 1934ರಲ್ಲಿ ನ್ಯಾಷನಲ್ ಪಾರ್ಕ್ ಆಯಿತು. ಈಗ ಹೋಗಿ ನಿಂತರೆ ಅಲ್ಲಿ ಕಾಡು ಬೋಳಾಗಿತ್ತು ಅಂದರೆ ನಂಬೋದೇ ಕಷ್ಟ.

ಆದರೆ ನಿಮಗೆ ಅಲ್ಲಿ ಜಾಗ ಸಿಗೋದು ಕಷ್ಟ. ಬುಕಿಂಗ್ ಆರು ತಿಂಗಳ ಮುಂಚೆಯೇ ತೆರೆಯುತ್ತದೆ. ಅದರಲ್ಲೂ ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ಮಿಂಚುಹುಳುಗಳ ಕಾಲ. ಸಾವಿರಾರು ಹುಳುಗಳು ಒಟ್ಟಿಗೆ ಹೊತ್ತಿಕೊಂಡು ಒಟ್ಟಿಗೆ ಆರುತ್ತವೆ. ಅದನ್ನು ನೋಡೋಕೆ ಹೊರಗಿನಿಂದ ಬರುವವರಿಗೆ ಲಾಟರಿ ಇದೆ. ಕ್ಯಾಂಪ್‌ಗ್ರೌಂಡ್‌ನಲ್ಲಿ ಬುಕಿಂಗ್ ಇದ್ದವರಿಗೆ ಲಾಟರಿ ಬೇಡ, ಅದಕ್ಕೇ ಆ ಹದಿನೈದು ದಿನದ ಸೈಟೆಲ್ಲ ಮೊದಲೇ ಬುಕ್ ಆಗಿಬಿಡುತ್ತವೆ. ಲಾಟರಿಗೆ ಹೆಸರು ಹಾಕಿ ನೋಡಿ.

ಇನ್ನೊಂದು ವಿಷಯ. ಎಲ್ಕ್‌ಮಾಂಟ್‌ನಲ್ಲಿ ಆರ್‌ವಿಗೆ ಕರೆಂಟ್ ಇಲ್ಲ, ನೀರಿನ ಪೈಪ್ ಇಲ್ಲ, ಸ್ನಾನದ ಮನೆಯೂ ಇಲ್ಲ. ಜನರೇಟರ್ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ. ವಯಸ್ಸಾದವರ ಜೊತೆ ಮೊದಲ ಸಲ ಅಂದರೆ ಖಾಸಗಿ ಪಾರ್ಕೇ ಸರಿ. ಹೊಳೆ ಎರಡೂ ಕಡೆ ಒಂದೇ. ಕುವೋಹಿ ಬೆಟ್ಟದ ಉತ್ತರದ ಇಳಿಜಾರಿನಲ್ಲಿ ಹುಟ್ಟಿ, ಎಲ್ಕ್‌ಮಾಂಟ್ ದಾಟಿ ಟೌನ್‌ಸೆಂಡ್‌ಗೆ ಬರುತ್ತದೆ. ಕುವೋಹಿ ಅಂದರೆ ಮೊದಲು ಕ್ಲಿಂಗ್‌ಮನ್ಸ್ ಡೋಮ್ ಅಂತಿದ್ದ ಬೆಟ್ಟ. 2024ರಲ್ಲಿ ಚೆರೋಕಿ ಜನರ ಹಳೆಯ ಹೆಸರನ್ನೇ ವಾಪಸ್ ಇಟ್ಟರು.

ಒಂದು ಕಾರು ಜೊತೆಗೆ ಇರಲಿ. ಆರ್‌ವಿಯನ್ನು ಎಲ್ಲ ರಸ್ತೆಗೂ ಬಿಡಲ್ಲ, ರೋರಿಂಗ್ ಫೋರ್ಕ್ ಕಡೆಗಂತೂ ಪೂರ್ತಿ ನಿಷೇಧ. ನ್ಯಾಷನಲ್ ಪಾರ್ಕ್‌ಗೆ ಪ್ರವೇಶ ಶುಲ್ಕ ಇಲ್ಲ, ಆದರೆ 15 ನಿಮಿಷಕ್ಕಿಂತ ಜಾಸ್ತಿ ಗಾಡಿ ನಿಲ್ಲಿಸೋಕೆ ಪಾರ್ಕಿಂಗ್ ಟ್ಯಾಗ್ ಬೇಕು. ದಿನಕ್ಕೆ 5, ವಾರಕ್ಕೆ 15 ಡಾಲರ್.

ಕಾವೇರಿ ತೀರ | ಏಪ್ರಿಲ್ 12

ಯೋಚನೆಯೇ ಬೇಡ, ಹೊಳೆ ಅಂಚಿನದೇ ತಗೊಳ್ಳಿ. ಬೆಳಿಗ್ಗೆ ಬಾಗಿಲು ತೆಗೆದರೆ ನೀರು. ಆ ಸದ್ದಿಗೆ ಬರುವ ನಿದ್ದೆಗೆ 25 ಡಾಲರ್ ಏನೂ ಅಲ್ಲ.

ಚಾರಣಿಗ | ಏಪ್ರಿಲ್ 13

ಗಾಡಿ ಬಗ್ಗೆ ಒಂದೆರಡು ಮಾತು. ಬಾಡಿಗೆ ಕೊಡುವವರು ಹದಿನೈದು ನಿಮಿಷದಲ್ಲಿ ಎಲ್ಲ ಹೇಳಿ ಕೀಲಿ ಕೈಗಿಡುತ್ತಾರೆ. ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ.

ಕರೆಂಟ್: ನಿಮ್ಮ ಅಳತೆಯ ಗಾಡಿ ಸಾಮಾನ್ಯವಾಗಿ 30 ಆಂಪ್. ಅಂದರೆ 120 ವೋಲ್ಟ್‌ನಲ್ಲಿ ಒಟ್ಟು 3,600 ವ್ಯಾಟ್. ಏಸಿ ಒಂದೇ ಸುಮಾರು 1,500 ತಿನ್ನುತ್ತದೆ. ಅಮ್ಮ ಇಂಡಕ್ಷನ್ ಒಲೆಯಲ್ಲಿ ಇಡ್ಲಿ ಇಟ್ಟರೆ ಅದು 1,800. ಆಗ ಯಾರಾದರೂ ಮೈಕ್ರೋವೇವ್ ಒತ್ತಿದರೆ ಟಪ್ ಅಂತ ಬ್ರೇಕರ್ ಹೋಗುತ್ತದೆ. ಅಡುಗೆ ಹೊತ್ತಿನಲ್ಲಿ ಏಸಿ ಆರಿಸಿ, ಇಲ್ಲವೇ ಗ್ಯಾಸ್ ಒಲೆ ಬಳಸಿ. ಊರಿನಿಂದ 230 ವೋಲ್ಟ್‌ನ ಮಿಕ್ಸಿ ತರೋದು ಬೇಡ ಅಂತ ಈಗಲೇ ಹೇಳಿಬಿಡಿ. ಇಲ್ಲಿ ಅದು ಉಸಿರು ಎಳೆಯುತ್ತದೆ ಅಷ್ಟೇ, ಕಾಯಿ ನುಣ್ಣಗಾಗಲ್ಲ.

ಟ್ಯಾಂಕ್: ಕಕ್ಕಸಿನದು ಬ್ಲ್ಯಾಕ್, ಸ್ನಾನ ಮತ್ತು ಸಿಂಕ್ ನೀರಿನದು ಗ್ರೇ. ಚರಂಡಿಗೆ ಪೈಪ್ ಹಾಕಿದ್ದೀವಲ್ಲ ಅಂತ ಬ್ಲ್ಯಾಕ್ ವಾಲ್ವ್ ತೆರೆದೇ ಬಿಡಬೇಡಿ. ನೀರೆಲ್ಲ ಹರಿದು ಹೋಗಿ ಗಟ್ಟಿ ಪದಾರ್ಥ ತಳದಲ್ಲಿ ಕೂತುಬಿಡುತ್ತದೆ. ನಮ್ಮ ಮೊದಲ ಪ್ರವಾಸದಲ್ಲಿ ನಾನು ಇದೇ ತಪ್ಪು ಮಾಡಿದೆ, ಮೂರನೇ ದಿನ ಒಳಗೆ ಇರೋಕಾಗಲಿಲ್ಲ. ಮುಕ್ಕಾಲು ತುಂಬುವವರೆಗೆ ಮುಚ್ಚಿಡಿ. ಮೊದಲು ಬ್ಲ್ಯಾಕ್ ಬಿಡಿ, ಆಮೇಲೆ ಗ್ರೇ. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ.

ಗಾಡಿ ಮೆಟ್ಟಿಲು ಕಡಿದಾಗಿರುತ್ತದೆ. ಅಮ್ಮನ ಮೊಣಕಾಲಿಗೆ ಒಂದು ಅಗಲವಾದ ಮಣೆಯಂಥ ಸ್ಟೂಲ್ ಕೆಳಗೆ ಹಾಕಿ, ತುಂಬ ಸಹಾಯ ಆಗುತ್ತದೆ.

ಡೆನ್ವರ್ ಕನ್ನಡತಿ | ಏಪ್ರಿಲ್ 14

ಕುಶಾವತಿ, ಬುಕ್ ಮಾಡುವ ಮುಂಚೆ ಇದನ್ನು ಓದಿ. ನನಗೆ ಹೊಳೆ ದಂಡೆ ಅಂದರೆ ಪ್ರಾಣ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆಯಿಂದ ಎಸ್ಟೆಸ್ ಪಾರ್ಕ್‌ಗೆ ಹೋಗುವ ದಾರಿ ಬಿಗ್ ಥಾಂಪ್ಸನ್ ಕಣಿವೆಯಲ್ಲಿದೆ. 1976ರ ಜುಲೈ 31, ಶನಿವಾರ. ಕೊಲರಾಡೋ ರಾಜ್ಯಕ್ಕೆ ನೂರು ತುಂಬುವ ಹಬ್ಬದ ವಾರಾಂತ್ಯ, ಕಣಿವೆ ತುಂಬ ಜನ. ಸಂಜೆ ಮೇಲಿನ ಬೆಟ್ಟದಲ್ಲಿ ಮಳೆ ಹಿಡಿಯಿತು. ಕೆಲವು ಕಡೆ ನಾಲ್ಕು ಗಂಟೆಯೊಳಗೆ ಸುಮಾರು 12 ಇಂಚು. ಕೆಳಗೆ ಕಣಿವೆಯಲ್ಲಿ ಇದ್ದವರಿಗೆ ಅಂಥ ಮಳೆಯೇ ಇರಲಿಲ್ಲ. ನೀರು ಗೋಡೆ ಥರ ಬಂತು, 144 ಜನ ಹೋದರು. ಎಷ್ಟೋ ಜನ ಕಾರಿನಲ್ಲಿ ಕೆಳಗಡೆಗೆ ಓಡಿಸಿಕೊಂಡು ನೀರಿಗಿಂತ ಮುಂದೆ ಹೋಗೋಕೆ ನೋಡಿದರು. ಅದು ಆಗಲ್ಲ. ಕಾರು ಬಿಟ್ಟು ಪಕ್ಕದ ಗುಡ್ಡ ಹತ್ತಿದವರು ಉಳಿದರು. ಈಗ ಇಲ್ಲಿನ ಕಣಿವೆ ರಸ್ತೆಗಳಲ್ಲೆಲ್ಲ ಬೋರ್ಡ್ ಇದೆ, ನೆರೆ ಬಂದರೆ ಮೇಲಕ್ಕೆ ಹತ್ತಿ ಅಂತ.

ಇದು ಹಳೇ ಕಥೆ ಅನ್ನಬೇಡಿ. 2010ರ ಜೂನ್ 11, ಅರ್ಕಾನ್ಸಾಸ್‌ನ ವಾಶಿಟಾ ಕಾಡಿನ ಆಲ್ಬರ್ಟ್ ಪೈಕ್ ಕ್ಯಾಂಪ್‌ಗ್ರೌಂಡ್. ಬೆಳಗಿನ ಜಾವ, ಎಲ್ಲರೂ ಮಲಗಿದ್ದಾಗ ಹೊಳೆ 20 ಅಡಿ ಏರಿತು. 20 ಜನ ಹೋದರು, ಮಕ್ಕಳೂ ಇದ್ದರು. 2021ರ ಆಗಸ್ಟ್‌ನಲ್ಲಿ ನೀವು ಹೋಗುವ ಸ್ಮೋಕಿಯ ಆಚೆ ಮಗ್ಗುಲಲ್ಲೇ, ನಾರ್ತ್ ಕ್ಯಾರೊಲಿನಾದ ಕ್ರೂಸೋದಲ್ಲಿ, ಪಿಜನ್ ನದಿ ಆರ್‌ವಿಗಳನ್ನು ಕೊಚ್ಚಿಕೊಂಡು ಹೋಯಿತು. 2025ರ ಜುಲೈ 4ರಂದು ಟೆಕ್ಸಾಸ್‌ನ ಗ್ವಾಡಲೂಪ್ ನದಿ ಮುಕ್ಕಾಲು ಗಂಟೆಯಲ್ಲಿ 26 ಅಡಿ ಏರಿತು. ಅಲ್ಲೂ ಬೆಳಗಿನ ಜಾವ, ಅಲ್ಲೂ ದಂಡೆಯ ಆರ್‌ವಿ ಪಾರ್ಕುಗಳು. ಆ ನೆರೆಗಳಲ್ಲಿ ಟೆಕ್ಸಾಸ್‌ನಲ್ಲಿ 130ಕ್ಕೂ ಹೆಚ್ಚು ಜನ ತೀರಿಕೊಂಡರು.

ಎಲ್ಲ ಕಡೆಯೂ ಒಂದೇ ಥರ ನೋಡಿ. ಬೆಟ್ಟದ ಬುಡ, ಕಿರಿದಾದ ಕಣಿವೆ, ಮೇಲೆ ಮಳೆ, ರಾತ್ರಿ ಹೊತ್ತು, ನಿದ್ದೆ. ಆರ್‌ವಿ ಒಳಗೆ ಇದ್ದೀವಿ ಅನ್ನುವ ಧೈರ್ಯವೂ ಬೇಡ. ಎರಡು ಅಡಿ ಹರಿಯುವ ನೀರು ದೊಡ್ಡ ಕಾರನ್ನೂ ತೇಲಿಸುತ್ತದೆ. ಆರ್‌ವಿ ಅಂದರೆ ಚಕ್ರದ ಮೇಲಿನ ಡಬ್ಬ.

ಕಾವೇರಿ ತೀರ | ಏಪ್ರಿಲ್ 14

ನೀವು ಹೇಳಿದ್ದೆಲ್ಲ ನಿಜ ಇರಬಹುದು. ಆದರೆ ಇಪ್ಪತ್ತು ವರ್ಷದಿಂದ ಹೊಳೆ ದಂಡೆಗಳಲ್ಲಿ ಮಲಗಿದ್ದೇನೆ, ಒಂದು ಸಲವೂ ಏನೂ ಆಗಿಲ್ಲ. ಲಕ್ಷಗಟ್ಟಲೆ ಜನ ಹೀಗೆ ಹೋಗಿ ಬರುತ್ತಾರೆ. ಪಾಪ, ಅವರು ಅಪ್ಪನಿಗೆ ಹೊಳೆ ತೋರಿಸಬೇಕು ಅಂತಿದ್ದಾರೆ. ಹೀಗೆ ಹೆದರಿಸಿದರೆ ಅವರು ಊರಾಚೆ ಹೆದ್ದಾರಿ ಪಕ್ಕದಲ್ಲಿ ಗಾಡಿ ನಿಲ್ಲಿಸಿಕೊಂಡು ಕೂರಬೇಕಾಗುತ್ತದೆ.

ಡೆನ್ವರ್ ಕನ್ನಡತಿ | ಏಪ್ರಿಲ್ 15

ಹೋಗಬೇಡಿ ಅಂತ ನಾನು ಹೇಳಲೇ ಇಲ್ಲ. ನಾನೂ ಹೋದ ಬೇಸಿಗೆಯಲ್ಲಿ ಮೂರು ಸಲ ಹೊಳೆ ದಂಡೆಗೇ ಹೋಗಿದ್ದೆ. ಹಗಲು ನೀರಿನಲ್ಲೇ ಕಾಲು ಬಿಟ್ಟುಕೊಂಡು ಕೂರಿ. ರಾತ್ರಿ ಮಲಗುವ ಜಾಗ ಎತ್ತರದಲ್ಲಿರಲಿ. ಹಿಂದಿನ ಸಾಲು ಅಂದರೆ ಎಷ್ಟು ದೂರ? ಐವತ್ತು ಹೆಜ್ಜೆ. ಆ ಐವತ್ತು ಹೆಜ್ಜೆಯಲ್ಲಿ ನೆಲ ಆರು ಅಡಿ, ಎಂಟು ಅಡಿ ಏರಿರಬಹುದು. ಸದ್ದು ಅಲ್ಲಿಗೂ ಕೇಳುತ್ತದೆ.

ಆರ್‌ವಿ ಪಾರ್ಕ್‌ಗೆ ಫೋನ್ ಮಾಡಿ ಕೇಳಿ: ಹೊಳೆ ಕೊನೇ ಸಲ ದಂಡೆ ಮೀರಿದ್ದು ಯಾವಾಗ, ನೀರು ಎಲ್ಲಿವರೆಗೆ ಬಂತು, ರಾತ್ರಿ ನೀರು ಏರಿದರೆ ಬಾಗಿಲು ಬಡಿದು ಎಬ್ಬಿಸುವವರು ಯಾರು. ಮೂರನೆಯದಕ್ಕೆ ಸರಿಯಾದ ಉತ್ತರ ಬರದಿದ್ದರೆ ಎಬ್ಬಿಸುವವರು ನೀವೇ ಅಂತ ತಿಳಿದುಕೊಳ್ಳಿ.

ನಾಕ್ಸ್‌ವಿಲ್ ವಾಸಿ | ಏಪ್ರಿಲ್ 15

ಡೆನ್ವರ್‌ನವರು ಹೇಳಿದ್ದು ಸರಿ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಬಂದಾಗ ಪಿಜನ್ ನದಿ ಐ-40 ಹೆದ್ದಾರಿಯನ್ನೇ ತಿಂದು ಹಾಕಿತು. ನಾಲ್ಕು ಲೇನ್ ಹೆದ್ದಾರಿ! ಹೋಗೋಕೆ ಬರೋಕೆ ಒಂದೊಂದು ಲೇನ್ ತೆರೆಯೋಕೆ 2025ರ ಮಾರ್ಚ್ ಬೇಕಾಯಿತು. ಆಮೇಲೆ ನಾನು ಯಾವ ಹೊಳೆಯನ್ನೂ ಸಣ್ಣದು ಅಂತ ಅನ್ನೋದು ಬಿಟ್ಟಿದ್ದೇನೆ.

ಸ್ಮೋಕಿಯ ಎತ್ತರದ ಬೆಟ್ಟಗಳಲ್ಲಿ ವರ್ಷಕ್ಕೆ 85 ಇಂಚಿಗೂ ಹೆಚ್ಚು ಮಳೆ, ಕೆಳಗೆ ಕಣಿವೆಯಲ್ಲಿ ಸುಮಾರು 55. ಆಗುಂಬೆ ಕಡೆಯವರಿಗೆ ಇದು ಮಳೆಯೇ ಅಲ್ಲ. ಆದರೆ ಬೇಸಿಗೆಯ ಗುಡುಗು ಮಳೆ ಒಂದೇ ಬೆಟ್ಟದ ಮೇಲೆ ಒಂದೇ ಗಂಟೆ ಸುರಿದು ಹೋಗುತ್ತದೆ, ಟೌನ್‌ಸೆಂಡ್‌ನಲ್ಲಿ ಬಿಸಿಲು ಇರುತ್ತದೆ.

ಒಂದು ಉಪಯೋಗದ ವಿಷಯ: ಟೌನ್‌ಸೆಂಡ್‌ನ ಮೇಲ್ಗಡೆ ಲಿಟಲ್ ರಿವರ್‌ನಲ್ಲಿ ಯುಎಸ್‌ಜಿಎಸ್‌ (ಅಮೆರಿಕ ಸರ್ಕಾರದ ಭೂವಿಜ್ಞಾನ ಸಂಸ್ಥೆ) ನವರ ನೀರಿನ ಮಟ್ಟ ಅಳೆಯುವ ಗೇಜ್ ಇದೆ. ಫೋನಿನಲ್ಲೇ ನೀರಿನ ಏರಿಳಿತದ ಗೆರೆ ಕಾಣುತ್ತದೆ. ಈಗಿನಿಂದಲೇ ದಿನಾ ಒಂದು ಸಲ ನೋಡಿ, ಮಾಮೂಲಿ ಎಷ್ಟಿರುತ್ತದೆ ಅಂತ ಕಣ್ಣಿಗೆ ಅಭ್ಯಾಸ ಆಗಲಿ. ನ್ಯಾಷನಲ್ ಪಾರ್ಕ್ ಒಳಗೆ ಹೋದರೆ ಸಿಗ್ನಲ್ ಇರಲ್ಲ, ಎಚ್ಚರಿಕೆಯ ಮೆಸೇಜೂ ಬರಲ್ಲ. ಹವಾಮಾನದ ಎಚ್ಚರಿಕೆ ಹೇಳುವ ಒಂದು ವೆದರ್ ರೇಡಿಯೋ ಇಟ್ಟುಕೊಳ್ಳಿ. ಕಣಿವೆಯಲ್ಲಿ ಅದೂ ಎಲ್ಲ ಕಡೆ ಹಿಡಿಯಲ್ಲ, ಹೋದ ತಕ್ಷಣ ಹಾಕಿ ನೋಡಿ.

ಕುಶಾವತಿ | ಏಪ್ರಿಲ್ 17

ಎಲ್ಲರಿಗೂ ಧನ್ಯವಾದ. ನಿಜ ಹೇಳಬೇಕೆಂದರೆ ಮೊದಲು ಬೇಜಾರಾಯಿತು. ಆಮೇಲೆ ಪಾರ್ಕ್‌ಗೆ ಫೋನ್ ಮಾಡಿದೆ. ಒಬ್ಬ ವಯಸ್ಸಾದ ಹೆಂಗಸು ಎತ್ತಿದರು. ಡೆನ್ವರ್‌ನವರ ಮೂರು ಪ್ರಶ್ನೆ ಕೇಳಿದೆ. ಅವರು ಸ್ವಲ್ಪವೂ ಬೇಸರ ಮಾಡಿಕೊಳ್ಳದೆ ಯಾವ ಯಾವ ಸೈಟ್‌ನಲ್ಲಿ ನೀರು ಬಂದಿದೆ ಅಂತ ನಂಬರ್ ಸಮೇತ ಹೇಳಿದರು. ನಾನು ನೋಡಿಟ್ಟಿದ್ದ ಸೈಟ್ ಅದರಲ್ಲಿತ್ತು. ರಾತ್ರಿ ನೀರು ಏರಿದರೆ ಗಂಡ ಹೆಂಡತಿ ಇಬ್ಬರೂ ಟಾರ್ಚ್ ಹಿಡಿದು ಬಾಗಿಲು ಬಡಿಯುತ್ತಾರಂತೆ. ಎರಡನೇ ಸಾಲಿನಲ್ಲಿ ಎತ್ತರದ ಸೈಟ್ ತಗೊಂಡೆ. ಕರೆಂಟ್, ನೀರು, ಸ್ಯೂಯರ್ ಮೂರೂ ಇದೆ.

ಇನ್ನು ಕರಡಿ. ಅಮ್ಮ ಒಗ್ಗರಣೆ ಹಾಕದೆ ಒಂದು ದಿನವೂ ಇರುವವರಲ್ಲ. ಏನು ಮಾಡಲಿ?

ಚಾರಣಿಗ | ಏಪ್ರಿಲ್ 17

ಸ್ಮೋಕಿ ಪಾರ್ಕ್‌ನಲ್ಲಿ ಸುಮಾರು 1,900 ಕಪ್ಪು ಕರಡಿಗಳಿವೆ. ಅವಕ್ಕೆ ಮೂಗೇ ಎಲ್ಲ. ಒಗ್ಗರಣೆ ಹಾಕಲಿ, ತೊಂದರೆ ಇಲ್ಲ. ತಿಂದಾದ ಮೇಲೆ ಹೊರಗೆ ಏನೂ ಬಿಡಬೇಡಿ ಅಷ್ಟೇ. ಪಾತ್ರೆ, ಎಣ್ಣೆ ಬಾಟಲಿ, ಕಸದ ಚೀಲ, ಟೂತ್‌ಪೇಸ್ಟ್ ಕೂಡ. ಎಲ್ಲ ಗಾಡಿ ಒಳಗೆ, ಬಾಗಿಲು ಹಾಕಿ. ಕಸವನ್ನು ಕರಡಿ ತೆರೆಯಲಾಗದ ತೊಟ್ಟಿಗೆ ಹಾಕಿ. ಕಂಡರೆ 50 ಗಜ ದೂರ ಇರಿ. ಮನುಷ್ಯರ ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗುತ್ತದೆ, ಅದೇ ಸಂಕಟ.

ಸೌದೆ ಅಟ್ಲಾಂಟಾದಿಂದ ಒಯ್ಯಬೇಡಿ. ಸೌದೆ ಜೊತೆ ಮರ ಕೊರೆಯುವ ಹುಳು ಹೋಗುತ್ತದೆ. ಆಶ್ ಮರಗಳೆಲ್ಲ ಹೀಗೇ ಸಾಯುತ್ತಿವೆ. ಹೊರಗಿನಿಂದ ನ್ಯಾಷನಲ್ ಪಾರ್ಕ್ ಒಳಕ್ಕೆ, ಬಿಸಿಯಲ್ಲಿ ಒಣಗಿಸಿ ಮುದ್ರೆ ಹಾಕಿದ ಸೌದೆಯನ್ನು ಮಾತ್ರ ತರಬಹುದು. ಟೌನ್‌ಸೆಂಡ್ ಅಂಗಡಿಗಳಲ್ಲೇ ಸಿಗುತ್ತದೆ.

ಕುಶಾವತಿ | ಜೂನ್ 10

ಹೋಗಿ ಬಂದೆವು. ಬರೆಯಲೇಬೇಕು ಅನ್ನಿಸಿದ್ದು ಎರಡನೇ ರಾತ್ರಿಯ ವಿಷಯ.

ಮೊದಲ ದಿನ ಸಂಜೆ ಗಾಡಿ ನಿಲ್ಲಿಸಿ, ಕರೆಂಟ್ ಸಿಕ್ಕಿಸಿ, ಪೈಪ್ ಹಾಕುವಷ್ಟರಲ್ಲಿ ಅಪ್ಪ ಕಾಣಲಿಲ್ಲ. ನೋಡಿದರೆ ಹೊಳೆ ಹತ್ತಿರ ನಿಂತಿದ್ದಾರೆ. ನೀರನ್ನು ನೋಡುತ್ತಿರಲಿಲ್ಲ, ಮರ ನೋಡುತ್ತಿದ್ದರು. ಅಲ್ಲಿ ದೊಡ್ಡ ಸಿಕಮೋರ್ ಮರಗಳಿವೆ, ತೊಗಟೆ ಸುಲಿದು ಬೆಳ್ಳಗಿರುತ್ತದಲ್ಲ, ಅವು. ಒಂದರ ಕೆಳಗಿನ ಕವಲಿನಲ್ಲಿ, ಅಪ್ಪನ ಎದೆ ಮಟ್ಟಕ್ಕೆ, ಒಣ ಹುಲ್ಲು, ಕಡ್ಡಿ, ಒಂದು ನೀಲಿ ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡಿತ್ತು. ಹುಲ್ಲೆಲ್ಲ ಹೊಳೆ ಹರಿಯುವ ದಿಕ್ಕಿಗೇ ಬಾಚಿದ ಹಾಗೆ ಮಲಗಿತ್ತು. ಅಪ್ಪ ಕೈ ಇಟ್ಟು ತೋರಿಸಿದರು. "ಹೊಳೆ ಇಲ್ಲಿವರೆಗೆ ಬಂದಿದೆ ನೋಡು. ಈ ಚಳಿಗಾಲವೋ ಹೋದ ವರ್ಷವೋ, ಹಳೇದಲ್ಲ." ಆಮೇಲೆ ತಿರುಗಿ ನಮ್ಮ ಗಾಡಿ ಇದ್ದ ಜಾಗ ನೋಡಿ, "ಅಲ್ಲಿ ಪರವಾಗಿಲ್ಲ" ಅಂದರು. ನಾನು ಎರಡು ವಾರ ಫೋನ್, ನಕ್ಷೆ, ಗೇಜ್ ಅಂತ ನೋಡಿದ್ದನ್ನು ಅವರು ಎರಡು ನಿಮಿಷದಲ್ಲಿ ನೋಡಿಬಿಟ್ಟಿದ್ದರು.

ಎರಡನೇ ದಿನ ನ್ಯಾಷನಲ್ ಪಾರ್ಕ್ ಒಳಗಿನ ಕೇಡ್ಸ್ ಕೋವ್ ಕಣಿವೆ ಸುತ್ತಿ ಬಂದೆವು. 11 ಮೈಲಿಯ ಒಂದೇ ದಿಕ್ಕಿನ ದಾರಿ, ಒಂದು ಕರಡಿ ತಾಯಿ ಮತ್ತು ಎರಡು ಮರಿ ದೂರದಲ್ಲಿ ಕಂಡವು. ವಾಪಸ್ ಬಂದಾಗ ಟೌನ್‌ಸೆಂಡ್‌ನಲ್ಲಿ ಆಕಾಶ ಸ್ವಚ್ಛ. ಆದರೆ ದಕ್ಷಿಣಕ್ಕೆ ಬೆಟ್ಟದ ಮೇಲೆ ಕಪ್ಪಗಿತ್ತು, ಆಗಾಗ ಮಿಂಚುತ್ತಿತ್ತು. ಗೇಜ್ ನೋಡಿದೆ. ಗೆರೆ ಸಪಾಟಾಗಿತ್ತು. ಊಟ ಮಾಡಿ ಮಲಗಿದೆವು.

ಒಂದೂವರೆ ಹೊತ್ತಿಗೆ ಅಪ್ಪ ನನ್ನ ಭುಜ ಅಲುಗಾಡಿಸಿದರು. "ಹೊಳೆ ದನಿ ಬದಲಾಗಿದೆ."

ಕಿವಿಗೊಟ್ಟು ಕೇಳಿದೆ. ಸಂಜೆ ಇದ್ದದ್ದು ನೀರು ಕಲ್ಲಿನ ಮೇಲೆ ಹಾಯುವ ಸದ್ದು. ಈಗ ಅದು ಇರಲೇ ಇಲ್ಲ. ಅದರ ಬದಲು ಒಂದು ದಪ್ಪ ಗುಂಯ್ ಸದ್ದು, ನಡುನಡುವೆ ಟಕ್ ಟಕ್ ಅಂತ ತಳದಲ್ಲಿ ಕಲ್ಲು ಉರುಳುವುದು. ನಮ್ಮಲ್ಲಿ ಒಂದು ಹನಿ ಮಳೆ ಬಿದ್ದಿರಲಿಲ್ಲ, ನಕ್ಷತ್ರ ಕಾಣುತ್ತಿತ್ತು. ಫೋನ್ ತೆಗೆದರೆ ಗೆರೆ ನೆಟ್ಟಗೆ ಮೇಲೆ ಹೋಗಿತ್ತು.

ಟಾರ್ಚ್ ಹಿಡಿದು ಇಬ್ಬರೂ ಇಳಿದೆವು. ನೀರು ಕಂದು ಬಣ್ಣಕ್ಕೆ ತಿರುಗಿತ್ತು, ಎಲೆ ಕಡ್ಡಿ ತೇಲಿ ಹೋಗುತ್ತಿತ್ತು. "ಬಗ್ಗಡ ಬಂತು ಅಂದರೆ ಮೇಲೆ ಚೆನ್ನಾಗಿ ಹೊಡೆದಿದೆ" ಅಂದರು ಅಪ್ಪ. ಅಂಚಿನ ಸಾಲಿನಲ್ಲಿ ಒಂದು ಆರ್‌ವಿ ಪಕ್ಕದಲ್ಲಿ, ಇನ್ನೂ ತಗ್ಗಿನಲ್ಲಿ, ಮಕ್ಕಳು ಮಲಗೋಕೆ ಅಂತ ಒಂದು ಸಣ್ಣ ಟೆಂಟ್ ಹಾಕಿದ್ದರು. ಸಂಜೆ ಆ ಮಕ್ಕಳು ಅಮ್ಮನ ಹತ್ತಿರ ಕೋಡುಬಳೆ ಇಸಿದುಕೊಂಡು ಹೋಗಿದ್ದವು. ನೀರು ಟೆಂಟ್‌ನಿಂದ ನಾಲ್ಕು ಅಡಿಯಲ್ಲಿತ್ತು.

ನಾನು ಆರ್‌ವಿ ಬಾಗಿಲು ಬಡಿದೆ. ಅಪ್ಪ ಟೆಂಟ್ ಹತ್ತಿರ ಹೋಗಿ ಕನ್ನಡದಲ್ಲೇ "ಏಳ್ರೋ ಮಕ್ಳಾ, ಏಳ್ರೋ" ಅಂತ ಕೂಗಿದರು. ಅವಕ್ಕೆ ಏನು ಅರ್ಥ ಆಯಿತೋ, ತಕ್ಷಣ ಎದ್ದು ಹೊರಗೆ ಬಂದವು. ಅಷ್ಟರಲ್ಲಿ ಪಾರ್ಕಿನ ಗಂಡ ಹೆಂಡತಿಯೂ ಟಾರ್ಚ್ ಹಿಡಿದು ಆ ತುದಿಯಿಂದ ಬಾಗಿಲು ಬಡಿಯುತ್ತಾ ಬಂದರು, ಹೇಳಿದ ಹಾಗೆಯೇ. ಅಂಚಿನ ಸಾಲಿನವರೆಲ್ಲ ಮೇಲೆ ಬಂದರು. ಮೂರು ಗಂಟೆ ಹೊತ್ತಿಗೆ ನೀರು ಟೆಂಟ್ ಇದ್ದ ಜಾಗ ದಾಟಿ ಪಿಕ್ನಿಕ್ ಮೇಜಿನ ಕಾಲಿಗೆ ಬಂತು. ಅಲ್ಲೇ ನಿಂತಿತು. ಐದರ ಹೊತ್ತಿಗೆ ಇಳಿಯತೊಡಗಿತು. ದೊಡ್ಡ ನೆರೆ ಏನಲ್ಲ, ಸುದ್ದಿಯೂ ಆಗಲಿಲ್ಲ. ಯಾರಿಗೂ ಏನೂ ಆಗಲಿಲ್ಲ.

ಅಮ್ಮ ನಾಲ್ಕು ಗಂಟೆಗೇ ಎದ್ದು ಹದಿಮೂರು ಜನಕ್ಕೆ ಕಾಫಿ ಮಾಡಿದರು. ಗ್ಯಾಸ್ ಒಲೆಯಲ್ಲಿ. ಬ್ರೇಕರ್ ಹೋಗಲಿಲ್ಲ.

ಕಾವೇರಿ ತೀರ | ಜೂನ್ 10

ಓದಿ ಮೈ ಜುಮ್ ಅಂತು. ಡೆನ್ವರ್‌ನವರೇ, ಅವತ್ತು ಹೆದರಿಸಬೇಡಿ ಅಂದದ್ದು ನನ್ನ ತಪ್ಪು. ಇಪ್ಪತ್ತು ವರ್ಷ ಏನೂ ಆಗಿಲ್ಲ ಅಂದಿದ್ದೆನಲ್ಲ, ನಾನು ಒಂದು ದಿನವೂ ಮರದ ಕವಲು ನೋಡಿದವನಲ್ಲ. ಜುಲೈನಲ್ಲಿ ನಮ್ಮದು ಒಂದು ಬುಕಿಂಗ್ ಇದೆ, ಹೊಳೆ ಅಂಚಿನದು. ನಾಳೆ ಬೆಳಿಗ್ಗೆ ಫೋನ್ ಮಾಡುತ್ತೇನೆ.

ಡೆನ್ವರ್ ಕನ್ನಡತಿ | ಜೂನ್ 11

ತಪ್ಪೇನೂ ಇಲ್ಲ. ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ ಕುಶಾವತಿ. ಹುಲ್ಲು ಸಿಕ್ಕಿಕೊಂಡ ಮಟ್ಟ ನೋಡುವುದು ಇಲ್ಲಿನ ಎಂಜಿನಿಯರುಗಳೂ ನೆರೆ ಆದ ಮೇಲೆ ಮಾಡುವ ಕೆಲಸವೇ. ಅವರು ಎಲ್ಲಿ ಕಲಿತರು?

ಕುಶಾವತಿ | ಜೂನ್ 11

ಕೇಳಿದೆ. ಚಿಕ್ಕಂದಿನಲ್ಲಿ ತುಂಗೆ ದಾಟಿ ಶಾಲೆಗೆ ಹೋಗಬೇಕಿತ್ತಂತೆ, ದೋಣಿಯಲ್ಲಿ. ಮಳೆಗಾಲದಲ್ಲಿ ದೋಣಿಯವನು ಮೊದಲು ನೀರಿನ ಬಣ್ಣ ನೋಡುತ್ತಿದ್ದ, ಆಮೇಲೆ ಸುಮ್ನೆ ಒಂದು ನಿಮಿಷ ಕಿವಿಗೊಟ್ಟು ನಿಲ್ಲುತ್ತಿದ್ದ. ಬೇಡ ಅಂದರೆ ಅವತ್ತು ಶಾಲೆ ಇಲ್ಲ.

ನಾಕ್ಸ್‌ವಿಲ್ ವಾಸಿ | ಜೂನ್ 12

ಮಿಂಚುಹುಳು ಲಾಟರಿ ಸಿಕ್ಕಿತಾ?

ಕುಶಾವತಿ | ಜೂನ್ 12

ಸಿಗಲಿಲ್ಲ. ಆದರೆ ಕೊನೇ ರಾತ್ರಿ ಹೊಳೆಯ ಆಚೆ ದಡದ ಪೊದೆಗಳಲ್ಲಿ ನೂರಿನ್ನೂರು ಹುಳು ಇದ್ದವು, ಮಾಮೂಲಿ ಥರದವು, ತಮ್ಮ ಪಾಡಿಗೆ ತಾವು ಮಿನುಗುವವು. ನೀರು ಪೂರ್ತಿ ಇಳಿದು ಕಲ್ಲು ಕಾಣುತ್ತಿತ್ತು. ಅಪ್ಪ ಅಂಚಿನ ಸಾಲಿನಲ್ಲಿ, ಆ ಮಕ್ಕಳ ಪಕ್ಕ ಕುರ್ಚಿ ಹಾಕಿಕೊಂಡು ಹನ್ನೊಂದರವರೆಗೆ ಕೂತಿದ್ದರು. ಆಮೇಲೆ ಕುರ್ಚಿ ಎತ್ತಿಕೊಂಡು ಮೇಲೆ ಬಂದು ಮಲಗಿದರು.